ಜಠರಾಗ್ನಿಯ ದೂರು

ನಮ್ಮ ಹಿರಿಯರು ಜಠರಾಗ್ನಿ ಎಂದರು, ಎಂ.ಬಿ.ಬಿ.ಎಸ್. ತರಗತಿಯಲ್ಲಿ ನಾವು ಅದನ್ನೇ ಹೈಡ್ರೋಕ್ಲೋರಿಕ್ ಆಮ್ಲವೆಂದು ಓದಿದೆವು. ಫೋರ್ ಎಸ್ ರ್ಯಾಂಚಿನ ಯಾವ ಕನ್ನಡದ ಮನೆಗೆ ಹಬ್ಬದೂಟಕ್ಕೆ ಹೋದರೂ "ಡಾಕ್ಟ್ರೇ, ಸ್ವಲ್ಪ ಗ್ಯಾಸ್ಟ್ರಿಕ್ಕು, ಯಾವ ಮಾತ್ರೆ ತೊಗೊಳ್ಳಲಿ?" ಎಂಬ ಪ್ರಶ್ನೆ ಪಾಯಸದ ಬೆನ್ನಿಗೇ ಬರುತ್ತದೆ. (ಗ್ಯಾಸ್ಟ್ರಿಕ್ ಎಂದರೆ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಅದನ್ನು ಕಾಯಿಲೆಯಾಗಿಸಿದವರು ನಾವೇ!) ಮಾತ್ರೆಯ ಹೆಸರು ಹೇಳುವುದು ಸುಲಭ. ಆದರೆ ದೇಹ ದೂರು ಕೊಟ್ಟಾಗ ಅದನ್ನು ಆಲಿಸಬೇಕೋ, ಬಾಯಿ ಮುಚ್ಚಿಸಿದರೆ ಸಾಕೋ ಎಂಬುದು ವೈದ್ಯಕೀಯಕ್ಕಿಂತ ಹೆಚ್ಚಾಗಿ ನೀತಿಯ ಪ್ರಶ್ನೆ.

ಔಷಧಿಯನ್ನು ಹಳಿದರೆ ಕೃತಘ್ನರಾಗುತ್ತೇವೆ. 1970ರ ದಶಕದವರೆಗೂ ವಾಸಿಯಾಗದ ಹುಣ್ಣಿಗೆ ಜಠರದ ಭಾಗವನ್ನೋ ಅದರ ನರವನ್ನೋ ಕತ್ತರಿಸುತ್ತಿದ್ದರು. ಜೇಮ್ಸ್ ಬ್ಲ್ಯಾಕ್ ಅವರ ಸಿಮೆಟಿಡಿನ್ ಆ ಚಾಕುವನ್ನು ಬಹುಮಟ್ಟಿಗೆ ಕೆಳಗಿಡಿಸಿತು. 1988ರಲ್ಲಿ ಅವರಿಗೆ ನೊಬೆಲ್ ಸಂದಿತು. ಮರುವರ್ಷ ಈ ದೇಶಕ್ಕೆ ಬಂದ ಒಮೆಪ್ರಜೋಲ್ ಆಮ್ಲ ಸುರಿಸುವ ಪಂಪನ್ನೇ ಕಟ್ಟಿಹಾಕಿತು. ಹುಣ್ಣಿನಿಂದ ರಕ್ತ ಹೋದವರಿಗೆ, ಹೃದಯಕ್ಕಾಗಿ ಆಸ್ಪಿರಿನ್ ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ವೃದ್ಧರಿಗೆ ಅದೊಂದು ರಕ್ಷೆ. ಅಂಥವರು ಈ ಲೇಖನ ಓದಿ ಮಾತ್ರೆ ಬಿಡಕೂಡದು.

2003ರಿಂದ ಅದು ಚೀಟಿಯಿಲ್ಲದೆ ಸಿಗುತ್ತಿದೆ. ಕಾಸ್ಟ್ಕೋದ ಪೆಟ್ಟಿಗೆಯಲ್ಲಿ 42 ಮಾತ್ರೆ. ದಿನಕ್ಕೊಂದರಂತೆ 14 ದಿನ, ಮತ್ತೆ ಬೇಕಾದರೆ ನಾಲ್ಕು ತಿಂಗಳಿಗೊಮ್ಮೆ ಎಂದು ಅದರ ಮೇಲೆಯೇ ಬರೆದಿದೆ. ಲೆಕ್ಕ ಹಾಕಿ, ಇಡೀ ವರ್ಷದ ದಿನಸಿ ಅದು. ನಮ್ಮ ಮನೆಗಳಲ್ಲಿ ಆರು ವಾರಕ್ಕೆ ಖಾಲಿಯಾಗಿ, ಅಕ್ಕಿ ಮೂಟೆಯೊಂದಿಗೆ ಇನ್ನೊಂದು ಬರುತ್ತದೆ.

ಇದರಿಂದ ನಷ್ಟವೇನು? ಆಹಾರದ ಪ್ರೋಟೀನಿಗೆ ಅಂಟಿದ ಬಿ-12 ಜೀವಸತ್ವವನ್ನು ಬಿಡಿಸಲು ಆಮ್ಲ ಬೇಕು. ಹಾಲು ಮೊಸರಿನಿಂದಲೇ ಅದನ್ನು ಪಡೆಯುವ ಸಸ್ಯಾಹಾರಿಗಳಲ್ಲಿ ವರ್ಷಗಟ್ಟಲೆ ಆಮ್ಲ ತಗ್ಗಿದರೆ ಕಾಲು ಜೋಮು ಹಿಡಿಯಬಹುದು, ಮರೆವು ಬರಬಹುದು. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೇ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದಾಗ, ಹಿಂದೆಂದೂ ಇಲ್ಲದ ಎದೆಯುರಿ ಹಲವರಿಗೆ ಶುರುವಾಯಿತು! ಇನ್ನು ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲೇ ಊರಿನಿಂದ ಹೊತ್ತು ತಂದಿರುತ್ತೇವೆ. ಅದಕ್ಕೆ ಎರಡು ವಾರಗಳ ಚಿಕಿತ್ಸೆಯಿದೆ. ಆದರೆ ಈ ಮಾತ್ರೆ ನುಂಗುತ್ತಲೇ ಉಸಿರಿನ ಪರೀಕ್ಷೆ ಮಾಡಿಸಿಕೊಂಡರೆ, ಜೀವಿ ಒಳಗಿದ್ದರೂ ಇಲ್ಲವೆಂದು ಬರಬಹುದು.

ಇಷ್ಟೂ ನಮ್ಮ ನಮ್ಮ ಹೊಟ್ಟೆಯ ವಿಷಯವಾಯಿತು. ಊರಿನಿಂದ ಬಂದ ಅಪ್ಪ ಅಮ್ಮನದು? ಅಲ್ಲಿ ಏಳೂವರೆಗೆ ಉಂಡು, ನಾಲ್ಕು ಹೆಜ್ಜೆ ನಡೆದು ಮಲಗುತ್ತಿದ್ದವರು. ಇಲ್ಲಿ ನಮ್ಮ ಬೆಂಗಳೂರಿನ ಆಫೀಸ್ ಕಾಲ್ ಮುಗಿಯುವವರೆಗೆ ಕಾದು, ಒಂಬತ್ತೂವರೆಗೆ ಉಂಡು, ಹತ್ತಕ್ಕೆ ಮಲಗುತ್ತಾರೆ. ರಾತ್ರಿ ಹುಳಿತೇಗು. ನಾವು ಪ್ರೀತಿಯಿಂದಲೇ ಮಾತ್ರೆ ಕೊಡುತ್ತೇವೆ, ಅವರೂ ಮಗನಿಗೆ ತೊಂದರೆಯಾಗಬಾರದೆಂದು ನುಂಗುತ್ತಾರೆ. ಬದಲಾಗಬೇಕಾದ್ದು ನಮ್ಮ ಗಡಿಯಾರ, ಔಷಧಿ ಮಾತ್ರ ಅವರಿಗೆ! ಇದನ್ನು ಉಪಚಾರವೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಎರಡು ವಾರ ಅವರಿಗೆ ಏಳಕ್ಕೇ ತಟ್ಟೆ ಹಾಕಿ ನೋಡಿ, ಮಂಚದ ತಲೆಯ ಕಡೆಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಎತ್ತರಿಸಿ. ನುಂಗಲು ಕಷ್ಟವಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ಕಾಯದೆ ವೈದ್ಯರಿಗೆ ತೋರಿಸಿ. ಎದೆಯಲ್ಲಿ ಒತ್ತಿದಂತಾಗಿ ಬೆವರು ಬಂದರೆ "ಗ್ಯಾಸ್ಟ್ರಿಕ್" ಎನ್ನುತ್ತ ಕೂರಬೇಡಿ, 911ಕ್ಕೆ ಫೋನ್ ಮಾಡಿ.