ದುಡಿಮೆಯ ಬಾಗಿಲಲ್ಲಿ ಸುಂಕ

ವಿಮಾನ ನಿಲ್ದಾಣದಲ್ಲಿ ಕೆಲಸಮಾಡುವವರು ತಮ್ಮ ಸ್ಕೂಟರನ್ನೋ ಕಾರನ್ನೋ ಅಲ್ಲಿ ನಿಲ್ಲಿಸುವುದಕ್ಕೆ ಸಲ್ಲಬೇಕಾದ ಶುಲ್ಕವನ್ನು ಅವರೇ ತೆರತಕ್ಕದ್ದೋ, ಅವರನ್ನು ಕೆಲಸಕ್ಕಿಟ್ಟುಕೊಂಡ ಧಣಿಗಳು ತೆರತಕ್ಕದ್ದೋ ಎಂಬ ಪ್ರಶ್ನೆ ಮೊದಲ ನೋಟಕ್ಕೆ ಲೆಕ್ಕದ ಗುಮಾಸ್ತೆಯ ಮೇಜಿನ ಮೇಲೆ ಇತ್ಯರ್ಥವಾಗಬೇಕಾದ ಅಲ್ಪ ವಿಷಯವೆಂದು ತೋರಬಹುದು. ತತ್ತ್ವವಿಚಾರಕ್ಕೆ ಇದರಲ್ಲಿ ಎಡೆಯೆಲ್ಲಿ ಎಂದು ಕೇಳುವವರೂ ಇದ್ದಾರು. ಆದರೆ ಒಬ್ಬನ ದುಡಿಮೆ ಎಲ್ಲಿಂದ ಮೊದಲಾಗುತ್ತದೆ, ಆ ದುಡಿಮೆಯನ್ನು ಕೊಂಡವನ ಹೊಣೆ ಎಲ್ಲಿಯವರೆಗೆ ಚಾಚುತ್ತದೆ ಎಂಬ ಹಳೆಯ ಧರ್ಮಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ಬಂದು ನಿಂತಿದೆ.

ವಿಮಾನ ನಿಲ್ದಾಣವು ಇತರ ಕಾರ್ಯಸ್ಥಾನಗಳಂತಲ್ಲ. ಅಂಗಡಿಯೋ ಕಚೇರಿಯೋ ಜನವಸತಿಯ ನಡುವೆ ಇರುತ್ತದೆ. ನಿಲ್ದಾಣಕ್ಕಾದರೋ ವಿಸ್ತಾರವಾದ ಬಯಲು ಬೇಕು, ಸದ್ದಿಗೆ ಬೇಸರಪಡುವ ಮನೆಗಳು ದೂರವಿರಬೇಕು. ಬೆಂಗಳೂರಿನಲ್ಲಿ 2008ನೆಯ ಇಸವಿಯ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಊರಿಗೆ ಅಂಟಿಕೊಂಡಿದ್ದ ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದವು. ಆ ತಿಂಗಳು ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ತೆರೆದೊಡನೆ ಊರ ನಡುವಿನಿಂದ 30 ಕಿಲೋಮೀಟರಿಗೂ ಮೇಲ್ಪಟ್ಟ ದಾರಿ ಎಲ್ಲರಿಗೂ ಬಂದೊದಗಿತು. ಪ್ರಯಾಣಿಕನು ಆ ದಾರಿಯನ್ನು ವರ್ಷಕ್ಕೆ ಒಂದೆರಡು ಬಾರಿ ಸವೆಸುವನು. ಅಲ್ಲಿ ನೆಲ ಒರೆಸುವವಳು ದಿನಕ್ಕೆ ಎರಡು ಬಾರಿ. ವಾಯುವಜ್ರವೆಂಬ ಬಸ್ಸುಗಳು ಇವೆ, ನಿಜ. ಆದರೆ ಬೆಳಗಿನ ಜಾವ 4 ಗಂಟೆಗೆ ಹೊರಡುವ ವಿಮಾನಕ್ಕೆ ಪೆಟ್ಟಿಗೆಗಳನ್ನು ಏರಿಸತಕ್ಕವನು ಅದಕ್ಕೆ ಬಹಳ ಮುಂಚೆಯೇ ಅಲ್ಲಿರಬೇಕು. ಅವನ ಮನೆಯಿಂದ ಬಸ್ಸು ನಿಲ್ಲುವ ಎಡೆಯವರೆಗೆ ಆ ಹೊತ್ತಿನಲ್ಲಿ ಬೀದಿನಾಯಿಗಳ ಹೊರತು ಬೇರೆ ಜೊತೆಯಿಲ್ಲ. ಇಂಥವನಿಗೆ ಸ್ವಂತ ವಾಹನವು ಶೋಕಿಯಲ್ಲ. ಗಾರೆಯವನಿಗೆ ಕರಣೆಯಿದ್ದಂತೆ ಅದು ಅವನ ಕೆಲಸದ ಉಪಕರಣ.

ಇನ್ನೊಂದು ವಿಶೇಷವುಂಟು. ನಿಲ್ದಾಣದಲ್ಲಿ ನೆಲದ ಒಡೆತನ ನಡೆಸುವ ಸಂಸ್ಥೆ ಒಂದೇ, ಧಣಿಗಳು ಹಲವರು. ವಿಮಾನಗಳ ಕಂಪನಿಗಳು, ಸಾಮಾನು ಸಾಗಿಸುವ ಸಂಸ್ಥೆಗಳು, ಶುಚಿಮಾಡಿಸುವ ಗುತ್ತಿಗೆದಾರರು, ಹೋಟೆಲುಗಳವರು, ಅಂಗಡಿಗಳವರು ಎಲ್ಲರೂ ಆ ನೆಲದಲ್ಲಿ ಒಕ್ಕಲು ಕುಳಿತವರು. ವಾಹನ ನಿಲುಗಡೆಯೋ ಆ ನೆಲದೊಡೆಯನಿಗೆ ಒಳ್ಳೆಯ ಆದಾಯದ ಬಾಬು. ಅಮೆರಿಕಾ ದೇಶದ ಅನೇಕ ನಿಲ್ದಾಣಗಳಲ್ಲಿ ನೌಕರರಿಗೆ ದೂರದಲ್ಲೊಂದು ಬಯಲನ್ನು ಗೊತ್ತುಮಾಡಿ, ಅಲ್ಲಿಂದ ಕಟ್ಟಡಕ್ಕೆ ಬಸ್ಸಿನಲ್ಲಿ ಕರೆತರುತ್ತಾರೆ. ಆ ಬಯಲಿನ ತಿಂಗಳ ಶುಲ್ಕವನ್ನು ಕೆಲವು ಧಣಿಗಳು ತಾವೇ ಕೊಡುತ್ತಾರೆ. ಕೆಲವರು ನೌಕರನಿಗೇ ಬಿಡುತ್ತಾರೆ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲಿ ಒಂದರ ಶುಲ್ಕ ಕಂಪನಿಯದು, ಇನ್ನೊಂದರದು ಕೂಲಿಕಾರನ ಜೇಬಿನದು.

ಇಲ್ಲಿ ಬರುವ ಮುಖ್ಯ ಆಕ್ಷೇಪಣೆ ಇದು: ಕೆಲಸಕ್ಕೆ ಬರುವ ಖರ್ಚು ಕೆಲಸಗಾರನದೇ ಅಲ್ಲವೆ? ಅವನ ಅನ್ನ, ಅವನ ಚಪ್ಪಲಿ, ಅವನ ಬಸ್ಸಿನ ಚೀಟಿ, ಇವುಗಳಿಗೆಲ್ಲ ಸಂಬಳವೇ ಉತ್ತರ. ಇದಕ್ಕೆ ನ್ಯಾಯಸ್ಥಾನಗಳ ಬೆಂಬಲವೂ ಉಂಟು. ಮಿಷಿಗನ್ ಪ್ರಾಂತದ ಮೌಂಟ್ ಕ್ಲೆಮೆನ್ಸ್ ಎಂಬಲ್ಲಿನ ಕುಂಭಕರ್ಮದ ಕಾರ್ಖಾನೆಯ ಕೆಲಸಗಾರರು ಗಡಿಯಾರದ ಯಂತ್ರದಿಂದ ತಮ್ಮ ಮಣೆಯವರೆಗೆ ನಡೆಯುವ ಹೊತ್ತಿಗೂ ಕೂಲಿ ಕೇಳಿದಾಗ, 1946ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. ಮರುವರ್ಷವೇ ಅಲ್ಲಿನ ಶಾಸನಸಭೆ ಕಾನೂನು ಮಾಡಿ ಅದನ್ನು ಅಳಿಸಿತು. 2014ರಲ್ಲಿ, ಕೆಲಸ ಮುಗಿದ ಮೇಲೆ ಉಗ್ರಾಣದಿಂದ ಹೊರಬೀಳಲು ಶೋಧನೆಗೆ ಸಾಲು ನಿಲ್ಲುವ ಹೊತ್ತಿಗೂ ಕೂಲಿಯಿಲ್ಲವೆಂದು ಅದೇ ನ್ಯಾಯಾಲಯ ಒಮ್ಮತದಿಂದ ತೀರ್ಮಾನಿಸಿತು.

ನಮ್ಮ ದೇಶದ ವ್ಯವಹಾರವೊಂದು ಇದಕ್ಕಿಂತ ಮನಮುಟ್ಟುವಂಥದು. ಪೋರಬಂದರಿನ ಎದುರಿಗೆ, ಅಳಿವೆಯ ಆಚೆಯ ದಡದಲ್ಲಿ, ಉಪ್ಪಿನ ಕಾರ್ಖಾನೆಯೊಂದಿತ್ತು. 1952ರಲ್ಲಿ ಅಲ್ಲಿನ ಕೂಲಿಕಾರರು ಕೆಲಸ ಮುಗಿಸಿ ದೋಣಿಯಲ್ಲಿ ಮನೆಗೆ ಮರಳುತ್ತಿರುವಾಗ ದೋಣಿ ಮಗುಚಿ ಕೆಲವರು ಮಡಿದರು. ಅವರ ಕುಟುಂಬಗಳಿಗೆ ಪರಿಹಾರ ಸಲ್ಲಬೇಕೆ ಎಂಬ ಪ್ರಶ್ನೆ 1958ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ಕಾರ್ಯಸ್ಥಾನದ ಎಲ್ಲೆಯನ್ನು ಕಲ್ಪನೆಯಿಂದ ಸ್ವಲ್ಪ ಹೊರಕ್ಕೆ ವಿಸ್ತರಿಸಬಹುದೆಂಬ ತತ್ತ್ವವನ್ನು ಒಪ್ಪಿಕೊಂಡೇ, ಸಾರ್ವಜನಿಕರ ದೋಣಿಯನ್ನು ಹತ್ತಿದವನು ಸಾರ್ವಜನಿಕರಲ್ಲೊಬ್ಬನೆಂದೂ ಅಲ್ಲಿಯವರೆಗೆ ಧಣಿಯ ಹೊಣೆ ಚಾಚದೆಂದೂ ತೀರ್ಪಾಯಿತು. ತೀರ್ಪು ಅಂದಿನ ಶಾಸನಕ್ಕೆ ಅನುಗುಣವಾಗಿದ್ದಿರಬಹುದು. ಆದರೆ ಆ ಅಳಿವೆಯ ಆಚೆ ಕಾರ್ಖಾನೆಯನ್ನಿಟ್ಟವರು ಯಾರು? ಸತ್ತವರಂತೂ ಅಲ್ಲ. 2010ರಲ್ಲಿ ನೌಕರರ ರಾಜ್ಯವಿಮೆಯ ಶಾಸನವನ್ನು ತಿದ್ದಿ, ಮನೆಗೂ ಕೆಲಸಕ್ಕೂ ನಡುವಣ ದಾರಿಯಲ್ಲಿ ಒದಗುವ ಅಪಘಾತವೂ, ಕೆಲಸದೊಡನೆ ಅದಕ್ಕೆ ಸಂಬಂಧ ತೋರಿದ ಪಕ್ಷದಲ್ಲಿ, ಕೆಲಸದಿಂದಾದ ಹಾನಿಯೆಂದೇ ಎಣಿಸಲ್ಪಡುವಂತೆ ಮಾಡಿದರು. ನಡುವಿನ ಐವತ್ತೆರಡು ವರ್ಷಗಳಲ್ಲಿ ಕಾನೂನಿನ ಎಲ್ಲೆ ಆ ದೋಣಿಯವರೆಗೆ ಸರಿಯಿತು.

ದಾರಿಯ ಅಪಾಯದ ಮಾತು ಬೇರೆ, ಗಾಡಿ ನಿಲ್ಲಿಸುವ ಹಣದ ಮಾತು ಬೇರೆ ಎನ್ನಬಹುದು. ಆಗಲಿ. ಆದರೆ ಆಕ್ಷೇಪಣೆಯಲ್ಲಿ ಹೇಳಿದ ಖರ್ಚುಗಳಿಗೂ ಈ ಶುಲ್ಕಕ್ಕೂ ಒಂದು ಭೇದವಿದೆ. ಪ್ರಕೃತ ವಿಚಾರವೆಲ್ಲ ಆ ಭೇದದ ಮೇಲೆ ನಿಂತಿದೆ. ಅನ್ನ, ಚಪ್ಪಲಿಗಳಲ್ಲಿ ಕೆಲಸಗಾರನಿಗೆ ಆಯ್ಕೆಯುಂಟು; ಆ ಹಣ ಹೊರಗಿನ ವರ್ತಕನಿಗೆ ಹೋಗುತ್ತದೆ. ನಿಲುಗಡೆಯ ಶುಲ್ಕವಾದರೋ ದುಡಿಯುವ ನೆಲದ ಒಡೆಯನಿಗೇ, ದುಡಿಯಲು ಒಳಹೋಗುವುದಕ್ಕಾಗಿಯೇ ಸಲ್ಲುವಂಥದು. ಹಳ್ಳಿಯ ಸಂತೆಯನ್ನು ನೆನೆದುಕೊಂಡರೆ ವಿಷಯ ವಿಶದವಾಗುವುದು. ಸಂತೆಗೆ ಬಂದ ವ್ಯಾಪಾರಿಯಿಂದ ಸುಂಕ ವಸೂಲುಮಾಡುವುದು ಸರಿ. ಅವನು ಅಲ್ಲಿ ಮಾರಿ ಲಾಭ ಪಡೆಯುತ್ತಾನೆ. ಆದರೆ ಸಂತೆ ಮುಗಿದ ಮೇಲೆ ಮೈದಾನ ಗುಡಿಸುವುದಕ್ಕೆಂದು ಕರೆಸಿಕೊಂಡ ಆಳನ್ನು ಬಾಗಿಲಲ್ಲಿ ತಡೆದು, "ನೀನೂ ಸುಂಕ ಕೊಟ್ಟು ಒಳಗೆ ಹೋಗು" ಎಂದರೆ ಕೇಳಿದವರು ನಕ್ಕಾರು. ವಿಮಾನ ನಿಲ್ದಾಣದಲ್ಲಿ ಅದೇ ಮಾತನ್ನು ಸಂಬಳದ ಚೀಟಿಯಲ್ಲಿ ಅಚ್ಚು ಹಾಕಿ ಕೊಟ್ಟರೆ ಯಾರೂ ನಗುವುದಿಲ್ಲ.

ಹೊರೆಯ ತೂಕವನ್ನೂ ನೋಡಬೇಕು. ಮಾತಿಗೆ, ತಿಂಗಳಿಗೆ 750 ರೂಪಾಯಿ ಶುಲ್ಕವೆಂದಿಟ್ಟುಕೊಳ್ಳೋಣ. ತಿಂಗಳಿಗೆ 15,000 ರೂಪಾಯಿ ಪಡೆಯುವವನಿಗೆ ಅದು ಒಂದೂವರೆ ದಿನದ ದುಡಿಮೆ. 3,00,000 ರೂಪಾಯಿ ಪಡೆಯುವ ವಿಮಾನ ನಡೆಸುವವನಿಗೆ ಮುಕ್ಕಾಲು ಗಂಟೆಯದೂ ಅಲ್ಲ. ಹೆಚ್ಚು ಸಂಬಳದವರ ಶುಲ್ಕವನ್ನು ಧಣಿಯೇ ಕೊಟ್ಟು ಕಡಿಮೆ ಸಂಬಳದವರದನ್ನು ಅವರಿಗೇ ಬಿಡುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲಿ ಇದು ಖರ್ಚಿನ ಪ್ರಶ್ನೆಯಾಗಿ ಉಳಿಯದೆ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಇಲ್ಲದ ಒಂದೂವರೆ ದಿನದ ಕೂಲಿಗಿಂತ ಇಂಥ ಪಂಕ್ತಿಭೇದವೇ ಮನಸ್ಸನ್ನು ಹೆಚ್ಚು ಸುಡುವುದು.

ಹಾಗೆಂದು ಎಲ್ಲರಿಗೂ ಪುಕ್ಕಟೆ ನಿಲುಗಡೆಯನ್ನು ಸಾರಿಬಿಟ್ಟರೆ ಧರ್ಮವಾಯಿತೆಂದು ತಿಳಿಯಬಾರದು. ಡೊನಾಲ್ಡ್ ಶೂಪ್ ಎಂಬ ಅಮೆರಿಕಾದ ವಿದ್ವಾಂಸರು 2005ರಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದು, ಪುಕ್ಕಟೆ ನಿಲುಗಡೆಯೆಂಬುದೇ ಇಲ್ಲ, ಗಾಡಿಯವನು ಕೊಡದ ಹಣವನ್ನು ಗಾಡಿಯಿಲ್ಲದವನೂ ಬೇರೆ ರೂಪದಲ್ಲಿ ತೆರುತ್ತಾನೆ ಎಂದು ವಾದಿಸಿದರು. ಅವರ ಮಾತು ನಿಜ. ಬಸ್ಸಿನಲ್ಲಿ ಬರುವ ನೌಕರನಿಗೆ ಏನೂ ಕೊಡದೆ, ಕಾರಿನಲ್ಲಿ ಬರುವವನಿಗೆ ಮಾತ್ರ ನೆಲವನ್ನು ದಾನಮಾಡುವುದು ವಿಚಿತ್ರ ನ್ಯಾಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರವು 2012ರಿಂದ, ನೌಕರರಿಗೆ ಹತ್ತಕ್ಕಿಂತ ಹೆಚ್ಚು ಗಾಡಿಗಳ ಎಡೆಯನ್ನು ಒದಗಿಸುವ ಧಣಿಗಳ ಮೇಲೆ ಕರವನ್ನೇ ಹಾಕಿ, ಬಂದ ಹಣವನ್ನು ಟ್ರಾಮಿನಂಥ ಸಾರ್ವಜನಿಕ ಸಾರಿಗೆಗೆ ವಿನಿಯೋಗಿಸಿತು. ಆ ಕರವನ್ನು ಕೆಲವು ಧಣಿಗಳು ತಾವೇ ಹೊತ್ತರು, ಕೆಲವರು ನೌಕರರ ಮೇಲೆ ಜಾರಿಸಿದರು. ಶಾಸನವು ಅದನ್ನು ತಡೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಆದ ಏರ್ಪಾಡು ಇದಕ್ಕಿಂತ ಜಾಣತನದ್ದು. 50 ಮಂದಿಗೆ ಕಡಿಮೆಯಿಲ್ಲದೆ ನೌಕರರನ್ನಿಟ್ಟುಕೊಂಡು, ಬಾಡಿಗೆಯ ನೆಲದಲ್ಲಿ ಅವರಿಗೆ ನಿಲುಗಡೆಯ ಖರ್ಚನ್ನು ಕೊಡುವ ಧಣಿಯು, ಆ ಎಡೆ ಬೇಡವೆನ್ನುವವನಿಗೆ ಅಷ್ಟೇ ಹಣವನ್ನು ಕೈಗೆ ಕೊಡತಕ್ಕದ್ದೆಂದು ವಿಧಿಸಿತು. ವಿಮಾನ ನಿಲ್ದಾಣಕ್ಕೂ ಇದೇ ಮಾದರಿ ಒಪ್ಪುವುದು: ಧಣಿಯು ಕೊಡಲಿ, ಆದರೆ ಬರುವ ದಾರಿಯ ಖರ್ಚೆಂದು ಕೊಡಲಿ. ಅದನ್ನು ನಿಲುಗಡೆಗೆ ಕಟ್ಟುವವನು ಕಟ್ಟಲಿ, ಬಸ್ಸಿಗೆ ಕೊಡುವವನು ಕೊಡಲಿ. ಬಸ್ಸೇ ಇಲ್ಲದ ಹೊತ್ತಿನ ಪಾಳಿಗೆ ಕರೆದಾಗ ಮಾತ್ರ ನಿಲುಗಡೆಯ ಶುಲ್ಕ ಪೂರ್ತಿಯಾಗಿ ಧಣಿಯದೇ. ಅಲ್ಲಿ ನೌಕರನಿಗೆ ಬೇರೆ ದಾರಿಯನ್ನೇ ಉಳಿಸಿಲ್ಲವಷ್ಟೆ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಮಹಾಮಾರಿಯ ಕಾಲದಲ್ಲಿ ಎಲ್ಲ ಸಿಬ್ಬಂದಿಗೂ ಇದ್ದ ವಿನಾಯಿತಿ 2022ರ ಮಾರ್ಚಿ ಕೊನೆಗೆ ನಿಂತುಹೋದಾಗಲೂ ರಾತ್ರಿಪಾಳಿಯವರ ವಿನಾಯಿತಿಯನ್ನು ಬಿಟ್ಟುಕೊಡಲಿಲ್ಲ. ರಾತ್ರಿಗೂ ಹಗಲಿಗೂ ಇರುವ ಅಂತರವನ್ನು ಅಲ್ಲಿನವರು ಗುರುತಿಸಿದರು.

ಧಣಿ ಎಂದರೆ ಯಾರು ಎಂಬ ತೊಡಕು ಉಳಿಯಿತು. ನೆಲ ಒರೆಸುವವಳಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಕಡಿಮೆ ಬೆಲೆ ಕೂಗಿದ್ದರಿಂದಲೇ ಅವನಿಗೆ ಗುತ್ತಿಗೆ ಸಿಕ್ಕಿದೆ. ನಿಲುಗಡೆಯ ಹೊರೆಯನ್ನು ಅವನ ತಲೆಗೆ ಕಟ್ಟಿದರೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಸಂಬಳವನ್ನು ಒತ್ತಿಹಿಡಿದಾನು. ಆದಕಾರಣ ಈ ಖರ್ಚು ಟೆಂಡರು ಕರೆಯುವ ಹಂತದಲ್ಲೇ, ಎಲ್ಲ ಗುತ್ತಿಗೆದಾರರಿಗೂ ಸಮಾನವಾದ ಷರತ್ತಾಗಿ, ಕರಾರಿನಲ್ಲಿ ನಮೂದಾಗಬೇಕು. ಆಗ ಅದು ಗುತ್ತಿಗೆದಾರನಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ವಿಮಾನ ಕಂಪನಿಗೆ, ಕಂಪನಿಯಿಂದ ಪ್ರಯಾಣಿಕನ ಟಿಕೆಟ್ಟಿಗೆ ಹೋಗಿ ಸೇರುವುದು. ಆ ಟಿಕೆಟ್ಟಿನಲ್ಲಿ ನಿಲ್ದಾಣದ ಬಳಕೆಯ ಶುಲ್ಕವೆಂಬುದು ಈಗಲೂ ಕೂಡಿಯೇ ಇರುತ್ತದೆ. ಬೆಳಗಿನ ಜಾವ ಅವನ ಪೆಟ್ಟಿಗೆಯನ್ನು ಎತ್ತಿಟ್ಟವನ ಗಾಡಿಯ ಎಡೆಯೂ ಆ ಬಳಕೆಯ ಒಳಗೇ ಸೇರಿದ್ದು.