ಐದನೇ ಮಹಡಿಯ ಬಿದಿರು ಬುಟ್ಟಿ

ಹಾಂಕಾಂಗ್‌ನ ವಾನ್‌ಚಾಯ್ ಬಡಾವಣೆಯ ಓಯ್ ಕ್ವಾನ್ ರಸ್ತೆಯಲ್ಲಿ ಎಂಟು ಮಹಡಿಯ ಒಂದು ಮಸೀದಿ ಇದೆ. 1981ರಲ್ಲಿ ಬಾಗಿಲು ತೆರೆದ ಅಮ್ಮಾರ್ ಮಸೀದಿ ಅದು. ಜಾಗದ ಬೆಲೆ ಗಗನಕ್ಕೇರಿದ ಊರಾದ್ದರಿಂದ ಪ್ರಾರ್ಥನೆಯ ಸಭಾಂಗಣ, ಗ್ರಂಥಾಲಯ, ತರಗತಿ, ಕಚೇರಿ ಎಲ್ಲವೂ ಒಂದರ ಮೇಲೊಂದು ಕೂತಿವೆ. ಲಿಫ್ಟ್ ಹತ್ತಿ ಐದನೇ ಮಹಡಿಯಲ್ಲಿ ಇಳಿದರೆ ಕ್ಯಾಂಟೀನು. ಥಳುಕಿಲ್ಲದ ಮೇಜು ಕುರ್ಚಿ, ಚಹಾದ ಕೆಟಲ್ಲು, ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ ಡಿಮ್ ಸಮ್. ನಮಾಜು ಮುಗಿಸಿ ಬಂದವರ ಪಕ್ಕದ ಮೇಜಿನಲ್ಲೇ, ಯಾವ ನಮಾಜಿಗೂ ಸಂಬಂಧವಿಲ್ಲದ ಸುತ್ತಲಿನ ಕ್ಯಾಂಟನೀಸ್ ಜನರೂ ಊಟಕ್ಕೆ ಕೂತಿರುತ್ತಾರೆ.

ಈ ಬುಟ್ಟಿಗಳಲ್ಲಿ ಹಂದಿಮಾಂಸ ಇರುವುದಿಲ್ಲ. ಕೇಳಲು ಸಣ್ಣ ಮಾತು. ಆದರೆ ಡಿಮ್ ಸಮ್ ಬಲ್ಲವರಿಗೆ ಅದು ಎಷ್ಟು ದೊಡ್ಡ ಮಾತೆಂದು ಗೊತ್ತು.

ದಕ್ಷಿಣ ಚೀನಾದ ಕ್ಯಾಂಟನ್ ಪ್ರಾಂತದ ಜನ ಹಗಲು ಹೊತ್ತಿನಲ್ಲಿ ಚಹಾ ಕುಡಿಯಲು ಕೂತಾಗ ಜೊತೆಗೆ ತಿನ್ನುವ ಸಣ್ಣ ಸಣ್ಣ ತಿಂಡಿಗಳಿಗೆ ಡಿಮ್ ಸಮ್ ಎಂದು ಹೆಸರು. ಆ ಎರಡು ಅಕ್ಷರಗಳ ಅರ್ಥ ಹೃದಯವನ್ನು ಮುಟ್ಟುವುದು. ನಮ್ಮ ಕಡುಬನ್ನು ನೆನಪಿಸುವಂಥವು ಹಲವು: ಹಿಟ್ಟಿನ ತೆಳು ಹೊದಿಕೆ, ಒಳಗೆ ಹೂರಣ, ಹಬೆಯ ಬೇಯುವಿಕೆ. ಒಂದು ಬುಟ್ಟಿಯಲ್ಲಿ ಮೂರೋ ನಾಲ್ಕೋ ಇರುತ್ತವೆ. ಬುಟ್ಟಿ ಮೇಜಿನ ನಡುವೆ ಕೂರುತ್ತದೆ, ಎಲ್ಲರ ಚಾಪ್‌ಸ್ಟಿಕ್ಕೂ ಅದರೊಳಗೆ ಹೋಗುತ್ತದೆ. ತನ್ನ ತಟ್ಟೆ ತನಗೆ ಎಂಬ ಊಟ ಇದಲ್ಲ. ಹಂಚಿಕೊಂಡು ತಿನ್ನುವುದೇ ಇದರ ಜೀವ.

ಇನ್ನು ಹಂದಿ ಎಲ್ಲೆಲ್ಲಿದೆ ಎಂದು ನೋಡಬೇಕು. ಸಿಯು ಮಾಯ್ ಎಂಬ ತೆರೆದ ಬಾಯಿಯ ಹಳದಿ ಕಡುಬಿನಲ್ಲಿ ಹಂದಿಯ ಕೈಮಾ. ಚಾರ್ ಸಿಯು ಬಾವ್ ಎಂಬ ಬಿಳಿ ಬನ್ನಿನೊಳಗೆ ಸಿಹಿ ಬೆರೆತ ಹಂದಿ ಮಾಂಸ. ಮೂಲಂಗಿ ಕೇಕ್ ಎಂದರೆ ಸಸ್ಯಾಹಾರ ಅಂದುಕೊಂಡರೆ ಅದರೊಳಗೂ ಒಣ ಸಾಸೇಜಿನ ಚೂರುಗಳು. ಹಾರ್ ಗಾವ್ ಹೆಸರಿಗೆ ಸಿಗಡಿಯದ್ದು, ಆದರೆ ರಸ ಬರಲೆಂದು ಹೂರಣಕ್ಕೆ ಹಂದಿಕೊಬ್ಬಿನ ಸಣ್ಣ ತುಣುಕು ಸೇರಿಸುವುದು ರೂಢಿ. ಹಿಟ್ಟು ಮೆದುವಾಗಲಿ ಎಂದು ಕಲಸುವಾಗ ಹಾಕುವ ಜಿಡ್ಡೂ ಬಹಳ ಕಡೆ ಹಂದಿಯದೇ. ಮಾಂಸದ ವಾಸನೆ ಹೋಗಲಾಡಿಸಲು ಚಿಮುಕಿಸುವ ಶಾವೊಶಿಂಗ್ ಅಕ್ಕಿಮದ್ಯ ಬೇರೆ. ಹಾಗಾಗಿ ಮುಸ್ಲಿಮನೊಬ್ಬ ಕ್ಯಾಂಟನೀಸ್ ಚಹಾದಂಗಡಿಗೆ ಹೋದರೆ ಒಂದೆರಡು ತಿಂಡಿ ಬಿಟ್ಟು ಉಳಿದದ್ದನ್ನು ತಿನ್ನುವ ದಾರಿ ಇಲ್ಲ. ಹೆಚ್ಚುಕಡಿಮೆ ಇಡೀ ಮೇಜೇ ಅವನ ಪಾಲಿಗೆ ಮುಚ್ಚಿರುತ್ತದೆ. ಸಾರಿನಲ್ಲಿ ಏನಿದೆಯೋ, ಕರಿದ ಎಣ್ಣೆ ಯಾವುದೋ ಎಂದು ಹೊರನಾಡಿನ ಹೋಟೆಲಿನಲ್ಲಿ ಚಡಪಡಿಸಿದ ಕನ್ನಡದ ಸಸ್ಯಾಹಾರಿಗಳಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಹುಟ್ಟುವುದು ಇಲ್ಲೇ. ಧರ್ಮದ ಆಹಾರ ನಿಯಮ ಇರುವುದು ಜನರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುವುದಕ್ಕೋ, ಅಥವಾ ಅದೇ ನಿಯಮವನ್ನು ಪಾಲಿಸಿಕೊಂಡೇ ಎಲ್ಲರೂ ಒಂದು ಮೇಜಿಗೆ ಬರುವುದು ಸಾಧ್ಯವೋ? ಐದನೇ ಮಹಡಿಯ ಬುಟ್ಟಿ ಎರಡನೆಯದು ಸಾಧ್ಯ ಎನ್ನುತ್ತದೆ. ಆದರೆ ಅದು ಸುಲಭಕ್ಕೆ ದಕ್ಕಿದ್ದಲ್ಲ.

ಮೊದಲ ಕಷ್ಟ ಕೈಕೆಲಸದ್ದು. ಹಂದಿಯನ್ನು ತೆಗೆದು ಕೋಳಿಯನ್ನು ತುಂಬಿದರೆ ಮುಗಿಯಿತು ಎನ್ನುವವರು ಒಮ್ಮೆ ಮಾಡಿ ನೋಡಬೇಕು. ಹಂದಿಯ ಕೊಬ್ಬು ಹಬೆಗೆ ಕರಗಿ ಮಾಂಸದೊಳಗೇ ಇಳಿಯುತ್ತದೆ. ಕೋಳಿಯ ಎದೆಭಾಗ ಅದೇ ಹಬೆಗೆ ಒಣಗಿ ಹತ್ತಿಯಂತಾಗುತ್ತದೆ. ಅದಕ್ಕೆ ತೊಡೆಮಾಂಸ ಬೇಕು, ಅದನ್ನು ತೀರಾ ನುಣ್ಣಗೆ ಅರೆಯದೆ ಕತ್ತಿಯಲ್ಲಿ ಕೊಚ್ಚಬೇಕು. ಆಮೇಲೆ ಬೋಗುಣಿಯಲ್ಲಿ ಹಾಕಿ ಒಂದೇ ದಿಕ್ಕಿಗೆ ತಿರುವುತ್ತ ಹೋಗಬೇಕು. ನಡುವೆ ಸ್ವಲ್ಪ ಸ್ವಲ್ಪ ತಣ್ಣೀರು, ಪಿಷ್ಟದ ಪುಡಿ, ಮೊಟ್ಟೆಯ ಬಿಳಿ. ತಿರುವಿದಂತೆಲ್ಲ ಮಾಂಸ ನೀರನ್ನು ಕುಡಿದು ಅಂಟಂಟಾಗುತ್ತದೆ, ಬೋಗುಣಿಯ ಅಂಚನ್ನು ಬಿಟ್ಟು ಒಂದೇ ಉಂಡೆಯಾಗಿ ಕೈಗೆ ಬರುತ್ತದೆ. ಆ ಹದ ಬಂದ ಮೇಲೆ ಶುಂಠಿರಸ, ಬಿಳಿ ಮೆಣಸು, ಕೊನೆಗೆ ಎಳ್ಳೆಣ್ಣೆ. ಮದ್ಯ ಮಾಡುತ್ತಿದ್ದ ಕೆಲಸವನ್ನು ಶುಂಠಿ ಮಾಡುತ್ತದೆ, ಕೊಬ್ಬು ಮಾಡುತ್ತಿದ್ದ ಕೆಲಸವನ್ನು ತಿರುವಿದ ತೋಳು ಮಾಡುತ್ತದೆ. ರುಚಿ ಹಂದಿಯದ್ದರಂತೆಯೇ ಇರುತ್ತದೆ ಎಂದರೆ ಸುಳ್ಳಾದೀತು. ಬೇರೆಯೇ ಇರುತ್ತದೆ, ಹಗುರವಾಗಿರುತ್ತದೆ. ಚೆನ್ನಾಗಿಯೂ ಇರುತ್ತದೆ.

ಹಾಗಾದರೆ ಅದು ನಿಜವಾದ ಡಿಮ್ ಸಮ್ ಹೌದೋ ಅಲ್ಲವೋ? ಚೀನಾದ ಇತಿಹಾಸ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಡಿಮ್ ಸಮ್‌ನ ತವರಾದ ಗುವಾಂಗ್‌ಝೌ ನಗರದಲ್ಲೇ ಹುವಾಯ್‌ಶೆಂಗ್ ಮಸೀದಿ ಇದೆ. ಜಗತ್ತಿನ ಅತ್ಯಂತ ಹಳೆಯ ಮಸೀದಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಅರಬ್ ಮತ್ತು ಪರ್ಷಿಯನ್ ವರ್ತಕರು ಸಾವಿರ ವರ್ಷಕ್ಕೂ ಹಿಂದೆ ಆ ಬಂದರಿನಲ್ಲಿ ನೆಲೆ ನಿಂತಿದ್ದರು. ಇಂದು ಚೀನಾದಲ್ಲಿ ಹುಯ್ ಎಂದು ಕರೆಸಿಕೊಳ್ಳುವ, ಚೀನೀ ಭಾಷೆಯನ್ನೇ ಆಡುವ ಮುಸ್ಲಿಮರು ಒಂದು ಕೋಟಿಗೂ ಹೆಚ್ಚು. ಅವರು ಹಲಾಲ್‌ಗೆ ಬಳಸುವ ಪದ ಛಿಂಗ್‌ಝೆನ್. ಛಿಂಗ್ ಎಂದರೆ ಶುದ್ಧ, ಝೆನ್ ಎಂದರೆ ಸತ್ಯ. ಮಸೀದಿಗೂ ಅದೇ ಪದ, ಹೋಟೆಲಿನ ಫಲಕಕ್ಕೂ ಅದೇ ಪದ. ಅರಬ್ಬಿಯ ಹಲಾಲ್ ಎಂಬ ಮಾತಿಗೆ ಅನುಮತಿ ಇರುವಂಥದ್ದು ಎಂಬುದಷ್ಟೇ ಅರ್ಥ. ಚೀನೀ ಮುಸ್ಲಿಮರು ಅದರ ಜಾಗದಲ್ಲಿ ಸತ್ಯ ಎಂಬ ಪದವನ್ನು ತಂದಿಟ್ಟಿದ್ದಾರೆ. ಬಡಿಸುವವನು ಸುಳ್ಳಾಡಿದರೆ ತಿನ್ನುವವನ ಶುದ್ಧಿಗೆ ಅರ್ಥವಿಲ್ಲ ಎಂಬ ತಿಳಿವಳಿಕೆ ಆ ಎರಡು ಅಕ್ಷರಗಳಲ್ಲಿದೆ. ಬೀಜಿಂಗ್‌ನಲ್ಲಿ 2019ರಲ್ಲಿ ಇಂಥ ಹೋಟೆಲುಗಳ ಫಲಕಗಳಿಂದ ಅರಬ್ಬಿ ಲಿಪಿಯನ್ನು ಅಧಿಕಾರಿಗಳು ತೆಗೆಸಿದರು. ಊಟದ ಅಂಗಡಿಯ ಫಲಕವೂ ಒಂದು ಸಮುದಾಯದ ಉಸಿರು ಎಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತಿರುತ್ತದೆ.

ಮುಸ್ಲಿಮರೆಲ್ಲರಿಗೂ ಒಂದೇ ಹಲಾಲ್ ಪಟ್ಟಿ ಇದೆ ಎಂದು ಹೊರಗಿನವರು ಭಾವಿಸುವುದುಂಟು. ಸಿಗಡಿಯ ಹಾರ್ ಗಾವ್ ಬುಟ್ಟಿಯೊಂದು ಸಾಕು, ಹಾಗಲ್ಲವೆಂದು ತೋರಿಸಲು. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಹಲವು ಪಂಥಗಳಿವೆ: ಶಾಫಿ ಪಂಥದವರಿಗೆ ಸಿಗಡಿ ನಿಸ್ಸಂಶಯವಾಗಿ ಸಲ್ಲುತ್ತದೆ. ಹನಫಿ ಪಂಥದಲ್ಲಿ ಕಡಲಿನ ಜೀವಿಗಳಲ್ಲಿ ಮೀನಿಗೆ ಮಾತ್ರ ಅನುಮತಿ. ಸಿಗಡಿ ಮೀನೋ ಅಲ್ಲವೋ ಎಂಬ ಬಗ್ಗೆ ಅವರ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಹುಯ್ ಮುಸ್ಲಿಮರು ಬಹುಪಾಲು ಹನಫಿಗಳು, ಪಾಕಿಸ್ತಾನದವರೂ ಹಾಗೆಯೇ. ಹಾಂಕಾಂಗ್‌ನ ಮನೆಗಳಲ್ಲಿ ದುಡಿಯುವ ಲಕ್ಷಕ್ಕೂ ಹೆಚ್ಚು ಇಂಡೋನೇಷ್ಯಾದ ಹೆಣ್ಣುಮಕ್ಕಳದು ಹೆಚ್ಚಾಗಿ ಶಾಫಿ ಪಂಥ. ಒಂದೇ ಮಸೀದಿ, ಒಂದೇ ಕ್ಯಾಂಟೀನು, ಒಂದೇ ಬುಟ್ಟಿ, ಎರಡು ತೀರ್ಪು. ಕರ್ನಾಟಕದಲ್ಲೂ ಈ ಗೆರೆ ಘಟ್ಟದ ಗುಂಟ ಹಾದುಹೋಗುತ್ತದೆ: ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿಗಳು, ಘಟ್ಟದ ಮೇಲಿನ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ಕಡಲು ಅನ್ನ ಕೊಟ್ಟ ಊರಿನವರಿಗೆ ಸಿಗಡಿ ಬಾಯಿಗೆ ಸಲ್ಲುವಂತಿರುವುದು ಅವರ ಪಾಲಿನ ಪುಣ್ಯವೇ ಸರಿ. ಶತಮಾನಗಳಿಂದ ಈ ಭೇದ ಇಟ್ಟುಕೊಂಡೇ ಎರಡೂ ಪಂಥದವರು ಒಬ್ಬರ ಹಿಂದೆ ಒಬ್ಬರು ನಿಂತು ನಮಾಜು ಮಾಡಿದ್ದಾರೆ.

ಕೈಕೆಲಸ ಮುಗಿದ ಮೇಲೆ ಉಳಿಯುವುದು ನಂಬಿಕೆ, ಅದು ಇನ್ನೂ ಕಷ್ಟದ್ದು. ಬುಟ್ಟಿಯ ಮುಚ್ಚಳ ತೆಗೆದಾಗ ಕಾಣುವುದು ಹಬೆ ಮಾತ್ರ. ಕೋಳಿಯನ್ನು ಯಾರು ಕೊಯ್ದರು, ಹಿಟ್ಟಿಗೆ ಯಾವ ಜಿಡ್ಡು ಬಿತ್ತು ಎಂಬುದನ್ನು ನಾಲಿಗೆ ಹೇಳಲಾರದು. ಸಿಂಗಪುರದ ಊಟದ ಅಂಗಡಿಗಳಲ್ಲಿ ಹಂದಿಮಾಂಸವಿಲ್ಲ, ಹಂದಿಕೊಬ್ಬಿಲ್ಲ ಎಂಬ ಅರ್ಥದ ‘ನೋ ಪೋರ್ಕ್ ನೋ ಲಾರ್ಡ್’ ಫಲಕ ಬಹಳ ಕಾಣಸಿಗುತ್ತದೆ. ಆದರೆ ಅದು ಹಲಾಲ್ ಎಂದಾಗುವುದಿಲ್ಲ. ಕೋಳಿ ಹೇಗೆ ಕೊಯ್ದದ್ದು, ಅಡುಗೆಯಲ್ಲಿ ಮದ್ಯ ಇದೆಯೇ ಎಂಬುದಕ್ಕೆ ಆ ಫಲಕದಲ್ಲಿ ಉತ್ತರವಿಲ್ಲ. ಅದಕ್ಕೇ ಅಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿ 1978ರಿಂದ ಹಲಾಲ್ ಪ್ರಮಾಣಪತ್ರ ಕೊಡುತ್ತ ಬಂದಿದೆ. ಮೊದಲು ಹಂದಿ ಬೇಯಿಸುತ್ತಿದ್ದ ಅಡುಗೆಮನೆ ಹಲಾಲ್ ಆಗಬೇಕಾದರೆ ಅಲ್ಲಿ ಒಂದು ಕ್ರಮವಿದೆ. ಶಾಫಿ ಪಂಥದ ಪ್ರಕಾರ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ನೀರಿಗೆ ಮಣ್ಣು ಕಲಸಿರಬೇಕು. ಮಲಯ ಭಾಷೆಯಲ್ಲಿ ಇದಕ್ಕೆ ಸೆರ್ತು ಎನ್ನುತ್ತಾರೆ. ಸ್ಟೀಲಿನ ಹೊಳೆಯುವ ಹಬೆಪೆಟ್ಟಿಗೆಗೆ ಕೆಮ್ಮಣ್ಣಿನ ನೀರು ಹುಯ್ದು ತಿಕ್ಕುವ ಕೈಗಳನ್ನು ಕಣ್ಣಮುಂದೆ ತಂದುಕೊಂಡರೆ, ಮಣ್ಣು ಬೂದಿಗಳಲ್ಲಿ ಪಾತ್ರೆ ಬೆಳಗುತ್ತಿದ್ದ ನಮ್ಮ ಹಿತ್ತಿಲುಗಳು ನೆನಪಾಗುತ್ತವೆ.

ನಮ್ಮ ಮಡಿ ಮುಸುರೆಗೂ ಹಲಾಲ್‌ಗೂ ಹೋಲಿಕೆ ಕಟ್ಟುವವರು ಒಂದು ವ್ಯತ್ಯಾಸವನ್ನು ಮರೆಯಬಾರದು. ಮಡಿಯಲ್ಲಿ ಯಾರು ಮುಟ್ಟಿದರು ಎಂಬುದೇ ಮೊದಲ ಪ್ರಶ್ನೆ. ಹಲಾಲ್‌ನಲ್ಲಿ ಏನು ಹಾಕಿದರು, ಹೇಗೆ ಕೊಯ್ದರು ಎಂಬುದು ಪ್ರಶ್ನೆ. ಕೊಯ್ಯುವವನ ಬಗ್ಗೆ ನಿಯಮವಿದೆ, ಕಡುಬು ಮಡಚುವವನು ಬೌದ್ಧನಾಗಲಿ ನಾಸ್ತಿಕನಾಗಲಿ ಅಡ್ಡಿಯಿಲ್ಲ. ಪಕ್ಕದಲ್ಲಿ ಕೂತು ಉಣ್ಣುವವನ ಜಾತಿ ಮತವನ್ನಂತೂ ಅದು ಕೇಳುವುದೇ ಇಲ್ಲ.

ಅನುಮಾನಕ್ಕೂ ಒಂದು ಮಿತಿ ಬೇಕೆಂದು ಇಸ್ಲಾಮಿನ ಹಿರಿಯರೇ ಹೇಳಿದ್ದಾರೆ. ಹೊಸದಾಗಿ ಧರ್ಮಕ್ಕೆ ಬಂದವರು ಮಾಂಸ ತಂದುಕೊಡುತ್ತಾರೆ, ಕೊಯ್ಯುವಾಗ ದೇವರ ಹೆಸರು ಹೇಳಿದರೋ ಇಲ್ಲವೋ ಗೊತ್ತಿಲ್ಲ ಎಂದು ಕೆಲವರು ಪ್ರವಾದಿಯವರಲ್ಲಿ ಕೇಳಿದ ಪ್ರಸಂಗ ಹದೀಸಿನಲ್ಲಿ ಬರುತ್ತದೆ. ನೀವೇ ದೇವರ ಹೆಸರು ಹೇಳಿ ತಿನ್ನಿ ಎಂಬರ್ಥದ ಉತ್ತರ ಬಂತು. 1111ರಲ್ಲಿ ತೀರಿಕೊಂಡ ಧರ್ಮಪಂಡಿತ ಅಲ್ ಗಝಾಲಿ ತಮ್ಮ ಇಹ್ಯಾ ಗ್ರಂಥದ ಒಂದು ಇಡೀ ಭಾಗವನ್ನು ಹಲಾಲ್ ಹರಾಮ್‌ಗಳಿಗೆ ಮೀಸಲಿಟ್ಟು, ಎಚ್ಚರಿಕೆಯ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದರು. ಅವರೇ ಅತಿ ಶಂಕೆಯನ್ನು ರೋಗವೆಂದು ಕಂಡವರು. ಬೇಟೆಯ ಪ್ರಾಣಿ ಯಾರ ಕೈಯಿಂದಲೋ ತಪ್ಪಿಸಿಕೊಂಡು ಬಂದಿರಬಹುದೆಂದು ಹೆದರಿ ಅದನ್ನು ತಿನ್ನದಿರುವುದು ಭಕ್ತಿ ಅಲ್ಲ ಎಂಬುದು ಅವರ ನಿಲುವು. ದ್ರಾಕ್ಷಾರಸದ ಮದ್ಯ ತಾನಾಗಿ ಹುಳಿತು ವಿನೆಗರ್ ಆದರೆ ಅದು ಸಲ್ಲುತ್ತದೆ ಎಂಬುದರಲ್ಲಿ ಎಲ್ಲ ಪಂಥಗಳಿಗೂ ಒಮ್ಮತವಿದೆ. ವಸ್ತು ಬದಲಾದರೆ ತೀರ್ಪೂ ಬದಲಾಗುತ್ತದೆ ಎಂದು ಒಪ್ಪುವ ಶಾಸ್ತ್ರಕ್ಕೆ ಕಣ್ಣಿದೆ, ಕಿವಿಯಿದೆ.

ಇಷ್ಟು ಹೇಳಿದ ಮೇಲೆ ಕನ್ನಡದ ಓದುಗರ ಮನಸ್ಸಿನಲ್ಲಿ ಇನ್ನೊಂದು ನೆನಪು ಏಳದೆ ಇರದು. 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗು ಎದ್ದಿತು. ಬೇರೊಂದು ಧರ್ಮದ ಹೆಸರಿನಲ್ಲಿ ಕೊಯ್ದದ್ದನ್ನು ನಮ್ಮ ಹಬ್ಬದ ಎಡೆಗೆ ಏಕೆ ಇಡಬೇಕು ಎಂಬ ವಾದ ಅದರ ಜೊತೆಗಿತ್ತು. ಆ ದಿನಗಳಲ್ಲಿ ಅದು ಹಲವರ ಹೊಟ್ಟೆಪಾಡಿಗೆ ಕಲ್ಲು ಹಾಕಲು ಬಳಕೆಯಾಯಿತು, ಅದು ತಪ್ಪು. ಆದರೆ ಒಳಗಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಿಖ್ಖರ ನಡಾವಳಿಯ ಸಂಹಿತೆಯಾದ ಸಿಖ್ ರೆಹತ್ ಮರ್ಯಾದಾ ಅಮೃತಧಾರಿ, ಅಂದರೆ ದೀಕ್ಷೆ ಪಡೆದ, ಸಿಖ್ಖರಿಗೆ ಕುಠ್ಠಾ ಮಾಂಸವನ್ನು, ಅಂದರೆ ಇಸ್ಲಾಮಿನ ವಿಧಿಯಂತೆ ಕೊಯ್ದದ್ದನ್ನು, ನಿಷೇಧಿಸಿದೆ. ಐದನೇ ಮಹಡಿಯ ಕೋಳಿಯ ಸಿಯು ಮಾಯ್ ಇಂಡೋನೇಷ್ಯಾದ ಹೆಣ್ಣುಮಗಳಿಗೆ ಬಾಗಿಲು ತೆರೆದದ್ದು ನಿಜ. ಅದೇ ಬುಟ್ಟಿ ಅಮೃತಧಾರಿ ಸಿಖ್ಖನಿಗೆ ಮುಚ್ಚಿದೆ ಎಂಬುದೂ ನಿಜ. ಎಲ್ಲ ವ್ರತಗಳೂ ಕೂಡುವ ಒಂದೇ ಬುಟ್ಟಿ ಜಗತ್ತಿನಲ್ಲಿಲ್ಲ.

ಆಗ ಉಳಿಯುವ ದಾರಿ ಯಾವುದು? ವ್ರತವಿಲ್ಲದವನು ವ್ರತವಿರುವವನ ಮೇಜಿಗೆ ಹೋಗಬಲ್ಲ. ವ್ರತವಿರುವವನು ಹಾಗೆ ಎಲ್ಲೆಂದರಲ್ಲಿ ಹೋಗಲಾರ. ಆದ್ದರಿಂದ ಜೊತೆಗೆ ಉಣ್ಣುವ ಆಸೆ ಇರುವಲ್ಲಿ, ಕಾಲು ಮುಂದಿಡಬೇಕಾದವನು ಕಟ್ಟುಪಾಡು ಕಡಿಮೆ ಇರುವವನು. ವಾನ್‌ಚಾಯ್‌ನ ಕ್ಯಾಂಟನೀಸ್ ಗಿರಾಕಿಗಳು ಮಾಡುತ್ತಿರುವುದು ಇದನ್ನೇ. ಅವರಲ್ಲಿ ಯಾರೂ ಇದನ್ನು ಸೌಹಾರ್ದ ಎಂದು ಕರೆಯಬೇಕಾಗಿಲ್ಲ. ಹತ್ತಿರದಲ್ಲಿದೆ, ಬಿಸಿಯಾಗಿದೆ, ಜೇಬಿಗೆ ಹೊರೆಯಲ್ಲ ಎಂದು ಬಂದು ಕೂತರೂ ಸಾಕು.

ಅದೇ ವಾನ್‌ಚಾಯ್‌ನಲ್ಲಿ, ಮಸೀದಿಯಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಕ್ವೀನ್ಸ್ ರೋಡ್ ಈಸ್ಟ್‌ನಲ್ಲಿ 1901ರಿಂದ ಸಿಖ್ಖರ ಗುರುದ್ವಾರವಿದೆ. ಬ್ರಿಟಿಷ್ ಸೇನೆಯಲ್ಲಿದ್ದ ಸಿಖ್ ಸೈನಿಕರು ಕಟ್ಟಿದ್ದು. ಅಲ್ಲಿನ ಸಾಮೂಹಿಕ ಊಟವಾದ ಲಂಗರಿನಲ್ಲಿ ಮಾಂಸವಿಲ್ಲ, ಬಿಲ್ಲೂ ಇಲ್ಲ. ಯಾವ ಧರ್ಮದವರೇ ಬರಲಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಅನ್ನ ಬಡಿಸುತ್ತಾರೆ.