ಚಾಲಕನ ನಿದ್ರೆ

ಹೆಬ್ಬಗೋಡಿಯ ಕ್ರೈಸ್ತ ಕುಟುಂಬಗಳಿಗೆ ವೇಳಾಂಕಣ್ಣಿ ದೂರದ ಊರೆಂದು ಅನ್ನಿಸುವುದಿಲ್ಲ. ಮನೆಯ ಸಮೀಪದ ಹೊಸೂರು ರಸ್ತೆಯೇ ಅಲ್ಲಿಗೂ ದಾರಿ. ಕೃಷ್ಣಗಿರಿ, ತೊಪ್ಪೂರು ಘಾಟಿ, ಸೇಲಂ, ತಿರುಚಿರಾಪಳ್ಳಿ, ತಂಜಾವೂರು ಎಂದು ಮಕ್ಕಳೂ ಜಪಸರದ ಮಣಿಗಳಂತೆ ಊರುಗಳನ್ನು ಎಣಿಸಬಲ್ಲರು. ನಾನೂರು ಕಿಲೋಮೀಟರಿಗೂ ಮಿಕ್ಕಿದ ಈ ಹಾದಿಯ ಕೊನೆಯಲ್ಲಿ ಬಂಗಾಳ ಕೊಲ್ಲಿಯ ದಂಡೆಯ ಆ ಪುಟ್ಟ ಪಟ್ಟಣವಿದೆ. 1962ರಲ್ಲಿ ಬಸಿಲಿಕಾ ಎಂಬ ಗೌರವಕ್ಕೆ ಪಾತ್ರವಾದ ಆರೋಗ್ಯಮಾತೆಯ ದೇವಾಲಯವಿದೆ.

ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದುಡಿಯುವವರಿಗೆ ರಜೆ ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಯಾತ್ರೆಯನ್ನು ಒಂದೇ ದಿನದಲ್ಲಿ ಮುಗಿಸುವ ರೂಢಿ ಬೆಳೆದಿದೆ. ಶನಿವಾರ ಸಂಜೆ ಕೆಲಸ ಮುಗಿಸಿ ಟೆಂಪೋ ಟ್ರಾವೆಲರ್ ಹತ್ತಿದರೆ ಭಾನುವಾರ ಬೆಳಗಿನ ಬಲಿಪೂಜೆಗೆ ಅಲ್ಲಿರಬಹುದು. ಬಳಿಕ ಹರಕೆಯ ಮೇಣದಬತ್ತಿ, ತೆಂಗಿನ ಸಸಿ, ಸಮುದ್ರಸ್ನಾನ, ಹುರಿದ ಮೀನಿನ ಊಟ. ಸಂಜೆ ಹೊರಟರೆ ಸೋಮವಾರದ ಪಾಳಿಯ ಹೊತ್ತಿಗೆ ಹೆಬ್ಬಗೋಡಿ. ಹೋಗುವಾಗ ಕೃಷ್ಣಗಿರಿಯವರೆಗೆ ಜಪಸರದ ಪ್ರಾರ್ಥನೆ ನಡೆಯುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಾರೆ. ಎರಡು ರಾತ್ರಿಯೂ ಎಚ್ಚರವಾಗಿರುವವನು ಒಬ್ಬನೇ. ನಡುವಿನ ಹಗಲಿನಲ್ಲಿ ಆತ ವಾಹನದ ಬಾಗಿಲುಗಳನ್ನು ತೆರೆದಿಟ್ಟು, ಕಡಲತೀರದ ಸೆಕೆಯಲ್ಲಿ, ಸೀಟಿನ ಮೇಲೆ ಮುದುಡಿಕೊಂಡು ಕಣ್ಣಿಗೆ ನಿದ್ರೆ ತರಲು ಹೆಣಗುತ್ತಾನೆ. ಅಷ್ಟರಲ್ಲಿ ಫೋನು ಬರುತ್ತದೆ: "ಮಕ್ಕಳು ತರಂಗಂಬಾಡಿಯ ಡೇನಿಷ್ ಕೋಟೆ ನೋಡಬೇಕಂತೆ, ಬೇಗ ಹೋಗಿ ಬಂದುಬಿಡೋಣ."

ವೇಳಾಂಕಣ್ಣಿಯ ಅಪಾಯವೆಂದರೆ ನಮ್ಮವರಿಗೆ ನೆನಪಾಗುವುದು ಸಮುದ್ರ. 2004ರ ಡಿಸೆಂಬರ್ 26ರ ಭಾನುವಾರ ಸುನಾಮಿ ಅಲೆಗಳು ನಾಗಪಟ್ಟಿಣಂ ಜಿಲ್ಲೆಯಲ್ಲಿ ಸಾವಿರಾರು ಜನರನ್ನು ಕೊಂದವು. ವೇಳಾಂಕಣ್ಣಿಯ ದಡದಲ್ಲಿದ್ದ ಅನೇಕ ಯಾತ್ರಿಕರೂ ಮರಳಿ ಬರಲಿಲ್ಲ. ಇಂದಿಗೂ ಅಲ್ಲಿ ತಾಯಂದಿರು ನೀರಿಗಿಳಿಯುವ ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಸರಿಯೇ. ಆದರೆ ಅದೇ ಮಕ್ಕಳನ್ನು ಅದೇ ರಾತ್ರಿ, ನಿದ್ರೆಯಿಲ್ಲದ ಒಬ್ಬ ಮನುಷ್ಯನ ಕೈಗೆ ಒಪ್ಪಿಸಿ ತೊಪ್ಪೂರು ಘಾಟಿ ಹತ್ತಿಸುತ್ತೇವೆ. ಅಪಘಾತಗಳಿಗೆ ಕುಖ್ಯಾತವಾದ ರಸ್ತೆ ಅದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ.

ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತವಾಗಿ ಹದಿನೇಳು ಗಂಟೆ ಎಚ್ಚರವಾಗಿದ್ದವನ ಚುರುಕುತನವು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನು ಚಾಲಕನಿಗೆ ಇಟ್ಟಿರುವ ಮಿತಿ ಶೇ. 0.03. ಕುಡಿದು ಬಂದ ಚಾಲಕನ ವಾಹನವನ್ನು ನಮ್ಮಲ್ಲಿ ಯಾರೂ ಹತ್ತುವುದಿಲ್ಲ. ನಿದ್ರೆಗೆಟ್ಟವನಿಗಾದರೋ ದಾರಿಯಲ್ಲಿ ಒಂದು ಚಹಾ ಕುಡಿಸಿ ಮುಂದಕ್ಕೆ ಕಳಿಸುತ್ತೇವೆ.

"ಆತನೇ ಒಪ್ಪಿ ಬಂದಿದ್ದಾನಲ್ಲ?" ಎಂದು ಕೇಳುವವರಿದ್ದಾರೆ. ಚಾಲಕನೂ "ಅಭ್ಯಾಸ ಇದೆ ಸಾರ್" ಎಂದೇ ಹೇಳುತ್ತಾನೆ. ಆ ಮಾತನ್ನು ನಂಬುವುದು ನಮಗೆ ಅನುಕೂಲ. ಆದರೆ ಈ ಬಾಡಿಗೆ ಬೇಡವೆಂದರೆ ಮುಂದಿನ ಬಾಡಿಗೆ ಬೇರೊಬ್ಬನಿಗೆ ಹೋಗುತ್ತದೆ, ವಾಹನದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ ಎಂದು ಬಲ್ಲವನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಗೆ ಎನ್ನಬಹುದು? ಈ ಪ್ರಶ್ನೆ ಹೊಸದಲ್ಲ. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ 'ರೇರುಂ ನೋವಾರುಂ' ವಿಶ್ವಪತ್ರದಲ್ಲಿ ಇದನ್ನೇ ಎತ್ತಿಕೊಂಡರು. ಬಡತನದ ಒತ್ತಡದಿಂದ ಕಠಿಣ ಷರತ್ತಿಗೆ ತಲೆಬಾಗುವ ಕೆಲಸಗಾರನು ಅನ್ಯಾಯಕ್ಕೆ ತುತ್ತಾದವನೇ ಎಂದರು. ದುಡಿಮೆಯಲ್ಲಿ ಸವೆದ ಶಕ್ತಿಗೆ ತಕ್ಕಷ್ಟು ವಿಶ್ರಾಂತಿ ಸಲ್ಲಬೇಕೆಂದರು.

ಕಾನೂನು ಇದೆಯಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ಮೋಟಾರು ಸಾರಿಗೆ ಕೆಲಸಗಾರರಿಗಾಗಿ 1961ರಲ್ಲಿ ಸಂಸತ್ತು ರೂಪಿಸಿದ ಕಾಯಿದೆಯು ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೂ ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ಬಿಡುವನ್ನೂ ಗೊತ್ತುಪಡಿಸಿತು. ಆದರೆ ಅದು ಅನ್ವಯವಾದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದೇ ವಾಹನವನ್ನು ಸಾಲ ಮಾಡಿ ಕೊಂಡು ತಾನೇ ಓಡಿಸುವವನಿಗೆ ಅದರ ನೆರಳು ದೊರೆಯಲಿಲ್ಲ. ವ್ಯಾಟಿಕನ್ ಮಂಡಳಿಯೊಂದು 2007ರ ಜೂನ್ ತಿಂಗಳಲ್ಲಿ ರಸ್ತೆ ಬಳಸುವವರಿಗೆಂದು ಹತ್ತು ಆಜ್ಞೆಗಳನ್ನು ಹೊರಡಿಸಿತು. ಪತ್ರಿಕೆಗಳು ಅದನ್ನು ತುಸು ನಗೆಚಾಟಿಕೆಯಾಗಿಯೇ ತೆಗೆದುಕೊಂಡವು. ಅದರಲ್ಲೊಂದು, ವಾಹನ ನಡೆಸಲು ತಕ್ಕ ಸ್ಥಿತಿಯಲ್ಲಿ ಇಲ್ಲದವರನ್ನು ಪ್ರೀತಿಯಿಂದ ತಡೆಯಬೇಕು ಎನ್ನುತ್ತದೆ. ಅಂದರೆ ಹಿಂದಿನ ಸೀಟಿನಲ್ಲಿ ಕುಳಿತವರಿಗೂ ಅಲ್ಲೊಂದು ಆಜ್ಞೆಯಿದೆ.

ಇನ್ನು ಭಾನುವಾರದ ಮಾತು. ಸಬ್ಬತ್ತಿನ ವಿಶ್ರಾಂತಿಯನ್ನು ಮೋಶೆಯ ಧರ್ಮಶಾಸ್ತ್ರವು ಮನೆಯ ಯಜಮಾನನಿಗೆ ಮಾತ್ರ ಕೊಡಲಿಲ್ಲ. ಆಳಿಗೂ ಎತ್ತಿಗೂ ಊರೊಳಗಿನ ಪರದೇಶಿಗೂ ಕೊಟ್ಟಿತು. ಧರ್ಮೋಪದೇಶಕಾಂಡವಂತೂ ಇಸ್ರಯೇಲರಿಗೆ ಈಜಿಪ್ಟಿನ ದಾಸ್ಯವನ್ನು ನೆನಪಿಸಿ ಇದಕ್ಕೆ ಕಾರಣ ಹೇಳುತ್ತದೆ. ಚಾಲಕನು ನಮ್ಮ ಧರ್ಮದವನೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಖರ್ಚಿನ ತೊಡಕು ನಿಜವಾದದ್ದು, ಅದನ್ನು ಹಗುರಾಗಿ ಕಾಣಲಾರೆ. ಒಂದು ರಾತ್ರಿ ಉಳಿದರೆ ಕೋಣೆಯ ಬಾಡಿಗೆ, ವಾಹನದ ಇನ್ನೊಂದು ದಿನದ ಬಾಡಿಗೆ, ಕಳೆದುಹೋಗುವ ಒಂದು ದಿನದ ಸಂಬಳ. ಗುತ್ತಿಗೆ ಕೆಲಸದವನಿಗೆ ಇದು ಚಿಕ್ಕ ಮೊತ್ತವಲ್ಲ. ಎರಡು ವರ್ಷಕ್ಕೊಮ್ಮೆ ಹೋದರೂ ಸಾಕು, ಉಳಿದು ಬರಬಹುದು ಎಂಬುದು ನನ್ನ ಅಭಿಪ್ರಾಯ, ಮಾತೆಯು ಲೆಕ್ಕವಿಡುವವಳಲ್ಲ.

ನಮ್ಮ ನೆರೆಯ ಕುಟುಂಬವೊಂದು ಕಳೆದ ವರ್ಷ ಹೋದಾಗ, ಸಂಜೆ ಎಲ್ಲರೂ ವಾಹನ ಹತ್ತಿದ ಮೇಲೆ ಮನೆಯ ಅಜ್ಜಿ ಚಾಲಕನನ್ನು ಕೇಳಿದರಂತೆ: "ಅಲ್ಲಪ್ಪಾ, ನೀನು ಮಲಗಿದ್ದು ಯಾವಾಗ?" ಆತ ನಕ್ಕು ಸುಮ್ಮನಾದ. ಅಜ್ಜಿ ಇಳಿದುಬಿಟ್ಟರು. ಮೊಮ್ಮಗ ರಜೆಯ ಚಿಂತೆಯಲ್ಲಿ ಗೊಣಗಿದ. ಮಗ ಕೋಣೆಗಳನ್ನು ಹುಡುಕಿ, ಚಾಲಕನಿಗೂ ಒಂದು ಮಂಚ ಗೊತ್ತುಮಾಡಿ ಬಂದರು. ಮರುದಿನ ಏಳು ಗಂಟೆಗೆ ಕಾಫಿ ಹಿಡಿದುಕೊಂಡು ಎಬ್ಬಿಸಲು ಹೊರಟ ಹುಡುಗನನ್ನು ಅಜ್ಜಿ ಬಾಗಿಲಲ್ಲೇ ತಡೆದು, "ಇನ್ನೊಂದು ಅರ್ಧ ಗಂಟೆ ಬಿಡೋ, ಮಲಗಲಿ" ಎಂದರಂತೆ.